ಹೆಸರು ಹಿಡಿದು ಬೇಡಿದ ರೂತವ್ವ

ಯಾವ ಕಾಲದ ಮಾತೋ, ಕೇಳಬ್ಯಾಡ್ರಿ. ಒಂದೂರಾಗ ಒಂದ ಒಂದು ಕಿರಿಸ್ತಾನರ ಮನಿ ಇತ್ತಂತ. ಮಗ್ಗ ನೇಯೂ ದೇವದಾನಪ್ಪನ ಮನಿ. ಅವಗ ಒಬ್ಬಾಕಿನ ಮಗಳು, ರೂತವ್ವ. ಆಕಿಗೆ ಸಾಲಿ ಅಂದ್ರ ಜೀವ. ಓದಾಕ ಕಲತು ಅವ್ವಗ ಬೈಬಲ್ ಓದಿ ಹೇಳಬೇಕು ಅನ್ನೂದೊಂದ ಆಸೆ.

ಸಾಲ್ಯಾಗ ಬುತ್ತಿ ಬಿಚ್ಚಿದ ಕೂಡಲೆ ಹುಡುಗರೆಲ್ಲಾ ಗಬಗಬ ತಿನ್ನೋರು. ಈಕಿ ಕಣ್ಣು ಮುಚ್ಚಿ ಎಲ್ಲಾರಿಗೂ ಕೇಳೂ ಹಂಗ ಪ್ರಾರ್ಥನಾ ಮಾಡಾಕಿ. ನಕ್ಕವರಿಗೂ ಕರದು ಯೇಸುಸ್ವಾಮಿ ಕಥಿ ಹೇಳಾಕಿ. ಅಂಜಿಕಿನ ಇರಲಿಲ್ಲ ಅಂತಾರ. ನಾ ನಂಬೂದಿಲ್ಲ. ಇಷ್ಟುದ್ದ ಕೂಸಿಗೆ ಅಂಜಿಕಿ ಇರೂದಿಲ್ಲೇನು? ಅಂಜಕೋತನ ಹೇಳತಿತ್ತು.

ಒಂದಿನ ಗೌಡರ ಮಗ ಬಸಲಿಂಗ ಆಕಿ ಬುತ್ತಿ ಒದ್ದ. ರೊಟ್ಟಿ ಮಣ್ಣಾಗ ಬಿತ್ತು. ಕಾಡಿದವರ ಸಲುವಾಗಿ ಬೇಡಿಕೋರಿ ಅಂತ ನಮ್ಮ ಸ್ವಾಮಿ ಹೇಳ್ಯಾನ ಅಂದು, ರೂತವ್ವ ಎಲ್ಲಾರ ಮುಂದ ಬಸಲಿಂಗನ ಹೆಸರು ಹಿಡಿದು, ಅವಗ ಒಳ್ಳೇದಾಗಲಿ ಅಂತ ಬೇಡಿಕೊಂಡ್ಲಂತ.

ಅಲ್ಲೇ ಕೆಟ್ಟಿತು ನೋಡ್ರಿ. ಆ ಊರಾಗ ವೈರಿ ಹೆಸರು ದೇವರ ಮುಂದ ಹಿಡಿಯೂದು ಒಂದ ಕೆಲಸಕ್ಕ, ಅವನ ಮನಿ ಹಾಳಾಗಲಿ ಅಂತ. ವೈರಿಗೆ ಒಳ್ಳೇದು ಬೇಡೂದು ಅವರು ಕಂಡಿರಲಿಲ್ಲ, ಕೇಳಿರಲಿಲ್ಲ.

ಆ ವಾರದಾಗ ಬಸಲಿಂಗಗ ಜ್ವರ ಬಂತು. ಮೈ ಕೆಂಡ. ರೂತವ್ವ ಹೆಸರು ಹಿಡಿದದ್ದಕ್ಕ ಹಿಂಗಾತು ಅಂತ ಊರೆಲ್ಲಾ ಸಾಲಿ ಮುಂದ ಕೂಡಿತು. ಗದಿಗೆಪ್ಪ ಮಾಸ್ತರ ಕೆಟ್ಟವ ಅಲ್ಲ ಅಂತಾರ, ಆದ್ರ ಗೌಡರ ಮನಿ ಅನ್ನ ತಿಂದವ. ಹಿಡಿದ ಹೆಸರು ಬಿಡು, ಸಾಲ್ಯಾಗ ನಿಮ್ಮ ದೇವರ ಸುದ್ದಿ ತಗೀಬ್ಯಾಡ, ಇಲ್ಲಾಂದ್ರ ನಾಳೆಯಿಂದ ಬರಬ್ಯಾಡ ಅಂದ. ಬಿಟ್ಟೆ ಅಂತ ಒಂದ್ಸಲ ಅನ್ನು ನನ್ನವ್ವ, ಬರೇ ಬಾಯಿಮಾತು ಅಂತ ಆಕಿ ಅವ್ವ ಸೆರಗೊಡ್ಡಿ ಅತ್ತಳಂತ.

ರೂತವ್ವ ಕಲತದ್ದು ಬರೇ ಕಾಗುಣಿತ. ಒತ್ತಕ್ಷರ ಇನ್ನೂ ಬಂದಿರಲಿಲ್ಲ. ಅದು ಬರದ ಬೈಬಲ್ ಹೆಂಗ ಓದೂದು? ಆದ್ರೂ ಒಂದ ಮಾತು ಅಂದ್ಲು.

"ನಾ ಬಿಟ್ರ ಅಂವಾ ಹೆಂಗ ಆರಾಮ ಆಗಬೇಕ್ರಿ?"

ಬೆದರಿಕಿ ಹಾಕ್ಲಿಕ್ಹತ್ಯಾಳ ಅಂತ ತಿಳಕೊಂಡ್ರು. ಮಾಸ್ತರ ಆಕಿ ಬರಿಯೂ ಪಾಟಿ ಹೊರಗ ಒಗದ.

ಹುಡುಗ ಆರಾಮಾದ. ಪೀಡಾ ಹೊರಗ ಹಾಕಿದ್ದಕ್ಕ ಆರಾಮಾದ ಅಂದು ಗೌಡರು ಊರಿಗೆಲ್ಲಾ ಹೋಳಿಗಿ ಊಟ ಹಾಕಿಸಿದ್ರು. ದೇವದಾನಪ್ಪನ ಮನ್ಯಾವರನ್ನ ಕರೀಲಿಲ್ಲ. ರೂತವ್ವ ಮತ್ತ ಸಾಲಿ ಮೆಟ್ಟಲಾ ಹತ್ತಲಿಲ್ಲ, ಮಗ್ಗದಾಗ ಕುಂತು ಮುದುಕಿಯಾದ್ಲು. ಅವ್ವ ಬೈಬಲ್ ಕೇಳದ ಸತ್ತಳು.

ಕಥಿ ಮಾತ್ರ ಬೆಳೀತು. ರೂತವ್ವ ಯಾರ ಹೆಸರು ಹಿಡಿದ್ಲೋ ಅಂವಾ ರಕ್ತ ಕಾರಿದ ಅಂತಾರ, ಅವನ ಮನ್ಯಾಗ ತೊಟ್ಟಿಲಾ ತೂಗಲಿಲ್ಲ ಅಂತಾರ. ಅಂತಾರ, ಅಂತಾರ. ನಾಲಿಗಿಗೆ ಎಲುಬಿಲ್ಲ. ಆಕಿ ಸಾಯೂತನ ಬೇಡಿದ್ದು ಒಳ್ಳೇದನ್ನ.

ಈಗ ಅಮಾಸಿಗೊಮ್ಮೆ ಆಕಿ ಗೋರಿ ಮುಂದ ಜಾತ್ರಿ ಕೂಡಿದಂಗ ಜನ. ಊದಿನಕಡ್ಡಿ ಹಚ್ಚತಾರ, ಕಾಯಿ ಒಡೀತಾರ, ಕಣ್ಣು ಮುಚ್ಚಿ ವೈರಿ ಹೆಸರು ಹಿಡೀತಾರ. ಅವನ ವಂಶ ನಿರ್ವಂಶ ಆಗಲಿ ತಾಯೀ ಅಂತಾರ. ಬಸಲಿಂಗನ ಮೊಮ್ಮಕ್ಕಳು ಹೊಲದ ಜಗಳಕ್ಕ ಒಬ್ಬರ ಹೆಸರು ಒಬ್ಬರು ಹಿಡಿಯಾಕ ಅಲ್ಲಿಗೇ ಬರತಾರ.