ಚಪ್ಪಾಳೆಗಡವು

ನಮ್ಮ ಕರಾವಳಿಯ ಉತ್ತರದ ತುದಿಯಲ್ಲಿ ಕವಲುಹೊಳೆಯು ಸಮುದ್ರ ಸೇರುವ ಮೊದಲು ಏಳೆಂಟು ಕವಲಾಗಿ ಒಡೆದು, ಮರಳುದಿಣ್ಣೆಗಳನ್ನೂ ಉಪ್ಪುನೀರಿನ ಕಾಂಡ್ಲಾ ಗಿಡಗಳು ಬೆಳೆದ ನಡುಗಡ್ಡೆಗಳನ್ನೂ ಸುತ್ತಿ ಹರಿಯುತ್ತದೆ. ಈ ನಡುಗಡ್ಡೆಗಳಿಗೆ ನಮ್ಮಲ್ಲಿ ಕುರ್ವೆ ಎಂದು ಹೆಸರು. ಕಾರ್ತಿಕ ಕಳೆಯುತ್ತಿದ್ದಂತೆ ದೂರದ ಸೀಮೆಗಳಿಂದ ಸೂಜಿಬಾಲದ ಬಾತುಗಳು ಬಂದಿಳಿಯುತ್ತವೆ. ಅವುಗಳ ಬೆನ್ನಿಗೇ ಧಾರವಾಡ, ಬೆಳಗಾವಿ ಕಡೆಯಿಂದ ಕ್ಯಾಮರಾ ಹೊತ್ತವರು ಬಂದಿಳಿಯುತ್ತಾರೆ. ಇವರು ಉಸಿರು ಬಿಗಿಹಿಡಿದು, ಕೆಸರಿನಲ್ಲಿ ಕೂತು, ಕೆಮ್ಮು ಬಂದರೆ ನುಂಗಿಕೊಳ್ಳುವ ಜನ. ಹೋದ ವರ್ಷ ಇಂಥವರೊಬ್ಬರು ಮೂರು ತಾಸು ಅಲ್ಲಾಡದೆ ಕೂತು, ಇನ್ನೇನು ಗುಂಡಿ ಒತ್ತಬೇಕು ಎನ್ನುವಾಗ ನಮ್ಮ ದೋಣಿಯ ಹಮ್ಮಣ್ಣ ದಡಕ್ಕೆ ಬಂದು ಎರಡೂ ಕೈ ಎತ್ತಿ ಫಟ್ಟನೆ ಚಪ್ಪಾಳೆ ತಟ್ಟಿದ. ಇದ್ದಬದ್ದ ಹಕ್ಕಿಯೆಲ್ಲ ಎದ್ದುಹೋಯಿತು. ಆ ಮನುಷ್ಯ ಕೆಂಡಾಮಂಡಲವಾಗಿ ಬೈದರು. ಹಮ್ಮಣ್ಣ ದೋಣಿ ನೂಕಲು ನೀರಿಗಿಳಿದ. ಬೈದವರನ್ನು ನಾನು ಮನೆಗೆ ಕರೆದು ಚಹಾ ಕೊಟ್ಟು ಈ ಕಥೆ ಹೇಳಿದೆ. ಕೇಳಿ ಮುಗಿಸಿದ ಮೇಲೆ ಅವರ ಲೋಟದಲ್ಲಿ ಚಹಾ ಹಾಗೆಯೇ ಆರಿತ್ತು.

ಹಿಂದೆ ಒಮ್ಮೆ, ಈ ಸೀಮೆಯನ್ನು ಹೆಗ್ಗಡೆಗಳು ಆಳುತ್ತಿದ್ದ ಕಾಲದಲ್ಲಿ, ಕುರ್ವೆಗೂ ಈ ದಡಕ್ಕೂ ನಡುವೆ ಜನರನ್ನು ದಾಟಿಸುವ ದೋಣಿ ಇರಲಿಲ್ಲ ಎನ್ನುತ್ತಾರೆ. ಕಡಲ ಇಳಿತದ ಹೊತ್ತಿಗೆ ನೀರು ಇಳಿದಾಗ ಜನ ಹೊಳೆಯನ್ನು ನಡೆದೇ ದಾಟುತ್ತಿದ್ದರು. ನೀರಿನಡಿಯಲ್ಲಿ ಮರಳಿನ ದಿಬ್ಬವೊಂದು ದಡದಿಂದ ದಡಕ್ಕೆ ಹಾದುಹೋಗಿತ್ತು. ಅದರ ಮೇಲೆ ಮೊಣಕಾಲುದ್ದ ನೀರು, ಅದರ ಆಚೀಚೆ ಆಳು ಮುಳುಗುವ ಮಡು. ಪ್ರತಿ ಮಳೆಗಾಲವೂ ಈ ದಿಬ್ಬವನ್ನು ಬೇರೆಡೆಗೆ ಸರಿಸುತ್ತಿದ್ದುದರಿಂದ ಗೂಟ ನೆಟ್ಟು ಪ್ರಯೋಜನವಿರಲಿಲ್ಲ. ದಾರಿ ತೋರಿಸುತ್ತಿದ್ದವು ಬೆಳ್ಳಕ್ಕಿಗಳು. ಬೆಳ್ಳಕ್ಕಿ ಈಜುವುದಿಲ್ಲ, ಕಾಲು ನೆಲಕ್ಕೆ ತಾಗಿದಲ್ಲೇ ನಿಂತು ಮೀನು ಕಾಯುತ್ತದೆ. ಹೊಳೆಯ ನಡುವೆ ಅವು ಸಾಲಾಗಿ ನಿಂತ ಜಾಗವೇ ಆ ದಿನದ ದಾರಿ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಇಟ್ಟುಕೊಂಡು ಹೆಂಗಸರು ಆ ಬಿಳಿಯ ಸಾಲಿನತ್ತ ಕಣ್ಣಿಟ್ಟು ನಿಶ್ಚಿಂತೆಯಿಂದ ನಡೆದುಹೋಗುತ್ತಿದ್ದರು. ಹಕ್ಕಿಯನ್ನು ನಂಬಿ ಕೆಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಈ ದಡದಲ್ಲಿ ಜಟ್ಟಯ್ಯನೆಂಬ ಬೆಂಡಿನ ಕೆಲಸದವನಿದ್ದ. ನೀರಗಿಡದ ಬಿಳಿ ಬೆಂಡನ್ನು ಕೊಯ್ದು ಮದುವೆಗೆ ಬಾಸಿಂಗ ಕಟ್ಟುವುದು ಅವನ ಕಸುಬು. ಅವನು ಬೆಂಡಿನಲ್ಲಿ ಮಾಡಿದ ಮಲ್ಲಿಗೆಯ ಮೇಲೆ ದುಂಬಿ ಕೂರುತ್ತಿತ್ತಂತೆ. ಹೇಳುವವರು ಸ್ವಲ್ಪ ಸೇರಿಸಿಯೇ ಹೇಳುತ್ತಾರೆ, ಇರಲಿ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ದುಗ್ಗಿ. ಅವಳ ಬಾಸಿಂಗವನ್ನು ಒಂದು ತಿಂಗಳು ಕೂತು ಕಟ್ಟಿ, ಎದುರಿನ ಕುರ್ವೆಗೇ ಕೊಟ್ಟು ಮದುವೆ ಮಾಡಿದ್ದ. ಕಣ್ಣೆದುರಿಗೇ ಇರಲಿ ಎಂಬುದು ಅವನ ಆಸೆ. ಅವಳಿಗೆ ಆರು ತಿಂಗಳಾಗಿತ್ತು. ಬಸುರಿಯನ್ನು ತವರಿಗೆ ಕಳಿಸುವ ದಿನವನ್ನು ಬೀಗರು ಗೊತ್ತುಮಾಡಿ ಹೇಳಿಕಳಿಸಿದ್ದರು.

ಅದೇ ವಾರ ಹೆಗ್ಗಡೆಯ ಮನೆಗೆ ಘಟ್ಟದ ಮೇಲಿನಿಂದ ನೆಂಟನೊಬ್ಬ ಬಾತುಬೇಟೆಗೆಂದು ಬಂದ. ಬಾತು ಬಲು ಗುಮಾನಿಯ ಹಕ್ಕಿ. ಆದರೆ ಬೆಳ್ಳಕ್ಕಿ ನೆಮ್ಮದಿಯಾಗಿ ನಿಂತಿದ್ದರೆ ಅಪಾಯವಿಲ್ಲವೆಂದು ತಿಳಿದು ಹತ್ತಿರ ಇಳಿಯುತ್ತದೆ. ಬೇಟೆಯವರಿಗೆ ಬೇಕಾದದ್ದು ಹೆದರದ ಬೆಳ್ಳಕ್ಕಿ. ಹೆಗ್ಗಡೆ ಜಟ್ಟಯ್ಯನನ್ನು ಕರೆಸಿ, ಬೆಂಡಿನಲ್ಲಿ ಮಾಡಿಕೊಡು ಎಂದು ಕೇಳಿದ. ಬೇಡವೆನ್ನಲು ಹೆದರಿಕೆಯಾಯಿತು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಕ್ಕಿಯನ್ನೇ ಮರುಳುಮಾಡುವ ಹಕ್ಕಿ ತನ್ನ ಕೈಯಿಂದ ಆಗುತ್ತದೆಯೇ ನೋಡೋಣ ಎಂಬ ಹುಮ್ಮಸ್ಸು ಅವನಿಗೆ ಬಂದಿರಬೇಕು. ಇಪ್ಪತ್ತೊಂದು ಬೆಳ್ಳಕ್ಕಿ ಮಾಡಿದ. ಬೆಂಡಿನ ಮೈ, ಬಿದಿರುಕಡ್ಡಿಯ ಕಾಲು, ಅಲುಗದಂತೆ ಹಿಡಿಯಲು ಕೆಳಗೆ ಹಗ್ಗದ ತುದಿಗೆ ಕಲ್ಲು. ಬಾತು ಇಳಿಯುವುದು ಮಡುವಿನಲ್ಲಿ. ಆದ್ದರಿಂದ ಅವನ್ನು ಸಾಲಾಗಿ ಮಡುವಿನಲ್ಲೇ ಬಿಟ್ಟರು. ಹಕ್ಕಿ ನೋಡಿ ನೀರಿಗಿಳಿಯಬೇಡಿ ಎಂದು ಈ ದಡದಲ್ಲಿ ಡಂಗುರ ಹೊಡೆಸಿದರು. ಆಚೆ ದಡಕ್ಕೆ ಹೇಳಿಕಳಿಸುವುದು ಯಾರಿಗೂ ಹೊಳೆಯಲಿಲ್ಲ. ಜಟ್ಟಯ್ಯನಿಗೂ ಹೊಳೆಯಲಿಲ್ಲ, ಮಗಳು ಬರುವುದು ನಾಡಿದ್ದಲ್ಲವೇ ಎಂದುಕೊಂಡಿದ್ದ.

ಮರುದಿನ ಬೆಳಿಗ್ಗೆ ನೀರಿಳಿದಾಗ ಅವನು ತನ್ನ ಕೆಲಸ ನೋಡಲೆಂದು ದಡಕ್ಕೆ ಹೋದ. ಬೇಟೆಯವರ ಓಡಾಟಕ್ಕೆ ನಿಜವಾದ ಬೆಳ್ಳಕ್ಕಿಗಳೆಲ್ಲ ದಿಬ್ಬ ಬಿಟ್ಟು ಹೋಗಿದ್ದವು. ಹೊಳೆಯಲ್ಲಿ ಉಳಿದದ್ದು ಅವನ ಇಪ್ಪತ್ತೊಂದು ಮಾತ್ರ. ಎದುರು ದಡದಿಂದ ಇಬ್ಬರು ಹೆಂಗಸರು ನೀರಿಗಿಳಿದರು. ಮುಂದಿದ್ದವಳ ನಡಿಗೆಯಲ್ಲೇ ಅವನಿಗೆ ಗುರುತು ಸಿಕ್ಕಿತು. ಒಂದು ದಿನ ಮೊದಲೇ ಹೊರಟುಬಂದಿದ್ದರು. ಕೈ ಬೀಸಿ ಕೂಗಿದ. ಗಾಳಿ ಕಡಲ ಕಡೆಗಿತ್ತು. ಮಗಳು ಅಪ್ಪನನ್ನು ಕಂಡು ತಾನೂ ಕೈ ಬೀಸಿ ಹೆಜ್ಜೆ ಬಿರುಸುಮಾಡಿದಳು. ಕೂಗು ಅವಳಿಗೆ ಮುಟ್ಟದಿದ್ದಾಗ ಅವನು ಚಪ್ಪಾಳೆ ತಟ್ಟತೊಡಗಿದ. ಸದ್ದಾದರೂ ಹಾರದ ಹಕ್ಕಿಗಳನ್ನು ನೋಡಿ ಅವಳಿಗೆ ಅನುಮಾನ ಬರಲಿ ಎಂಬುದೊಂದೇ ಅವನಿಗೆ ಉಳಿದಿದ್ದ ಉಪಾಯ. ದಡದ ಮರದಲ್ಲಿದ್ದ ಕಾಗೆಗಳು ಎದ್ದವು. ಬಿಳಿಯ ಸಾಲು ಕದಲಲಿಲ್ಲ. ಅವಳು ಅದರತ್ತಲೇ ನಡೆದು, ನೋಡುತ್ತಿದ್ದಂತೆ ಇಲ್ಲವಾದಳು.

ಹಿಂದೆ ಬರುತ್ತಿದ್ದ ಅತ್ತೆ ಹೊನ್ನಕ್ಕ ಸೊಸೆಯನ್ನು ಹಿಡಿಯಲು ಹೋಗಿ ತಾನೂ ಮಡುವಿಗೆ ಬಿದ್ದಳು. ಕೈಗೆ ಸಿಕ್ಕ ಎರಡು ಬೆಂಡಿನ ಹಕ್ಕಿಗಳನ್ನು ಅವಚಿಕೊಂಡು ತೇಲಿದ್ದರಿಂದ ಬದುಕಿದಳು. ಬೇಟೆಯವರು ತಮ್ಮ ಬೇಟೆಯ ದೋಣಿ ತಂದು ಅವಳನ್ನು ದಡಕ್ಕೆ ಹಾಕಿದಾಗ ಎರಡೂ ಹಕ್ಕಿ ಅವಳ ಕಂಕುಳಲ್ಲೇ ಇದ್ದವು. ಅವು ಯಾರ ಕೈಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ. ಜಟ್ಟಯ್ಯನ ಮುಖ ನೋಡಿ ಹೇಳಿದಳು:

"ಹಕ್ಕಿ ಹಾರ್ಲಿಲ್ಲ ಬೀಗರೇ. ಮಾರು ದೂರಕ್ಕೆ ಬಂದ್ರೂ ಹಾರ್ಲಿಲ್ಲ. 'ಅಪ್ಪನ ಊರಿನ ಹಕ್ಕಿ ಅತ್ತೆ, ನನ್ನ ಗುರ್ತ ಹಿಡ್ದವೆ, ಹೆದ್ರೂದೇ ಇಲ್ಲ ನೋಡಿ' ಅಂತ ನಗ್ತಾ ಹೋದ್ಲು."

ಈ ಮಾತನ್ನು ನನ್ನ ಅಜ್ಜಿ ಹೇಳಿ ಕೇಳಿದ್ದೇನೆ, ನಾನೇ ನೂರು ಸಲ ಹೇಳಿದ್ದೇನೆ. ಇನ್ನೊಂದು ಮಾತನ್ನೂ ಹೇಳುತ್ತಾರೆ, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಅದೇ ಮಧ್ಯಾಹ್ನ ಬೇಟೆ ನಡೆಯಿತಂತೆ. ಉಳಿದ ಹತ್ತೊಂಬತ್ತು ಹಕ್ಕಿಗಳ ಪಕ್ಕದಲ್ಲಿ ಬಾತುಗಳು ನಿಶ್ಚಿಂತೆಯಾಗಿ ಬಂದಿಳಿದವಂತೆ. ನೆಂಟ ಕೆಲಸಗಾರನನ್ನು ಹೊಗಳಿದನಂತೆ. ಮನುಷ್ಯರು ಹೀಗೂ ಇರುತ್ತಾರೆಯೇ ಎಂದು ನನಗೆ ಇಂದಿಗೂ ದಿಗ್ಭ್ರಮೆ.

ಜಟ್ಟಯ್ಯ ಮತ್ತೆ ಬೆಂಡು ಮುಟ್ಟಲಿಲ್ಲ. ದಿನವೂ ನೀರಿಳಿಯುವ ಹೊತ್ತಿಗೆ ದಡಕ್ಕೆ ಬಂದು, ಯಾರೇ ನೀರಿಗಿಳಿಯುವ ಮೊದಲು ಗಟ್ಟಿಯಾಗಿ ಚಪ್ಪಾಳೆ ತಟ್ಟುತ್ತಿದ್ದ. ಹಕ್ಕಿಗಳೆಲ್ಲ ಎದ್ದ ಮೇಲೆ, ಅವು ಎದ್ದ ಜಾಗವನ್ನು ತೋರಿಸಿ ಜನರನ್ನು ಕಳಿಸುತ್ತಿದ್ದ. ಸಾಯುವವರೆಗೂ ಅವನು ಬೇರೆ ಕೆಲಸ ಮಾಡಲಿಲ್ಲ. ಹೊಳೆ ದಾಟುವ ಈ ಕಡವಿಗೆ ಚಪ್ಪಾಳೆಗಡವು ಎಂಬ ಹೆಸರು ಬಂದದ್ದು ಹೀಗೆ. ನಮ್ಮೂರಿನ ಮದುವೆಗಳಲ್ಲಿ ಇಂದಿಗೂ ಹೂವಿನ ಬಾಸಿಂಗವೇ. ಬೆಂಡಿನದನ್ನು ಯಾರೂ ತರುವುದಿಲ್ಲ.

ಈಗ ದೋಣಿಗೆ ಮೋಟಾರು ಬಂದಿದೆ, ದಾಟುವವರು ಯಾರೂ ನೀರಿಗೆ ಕಾಲಿಡಬೇಕಾಗಿಲ್ಲ. ಹಮ್ಮಣ್ಣನೊಬ್ಬ ದೋಣಿ ನೂಕಲು ಮೊಣಕಾಲುದ್ದ ಇಳಿಯುತ್ತಾನೆ, ಆದರೂ ತಟ್ಟುತ್ತಾನೆ. ನೀವು ಬಂದರೆ ಬೈಯಬೇಡಿ. ಸಾವಿರ ರೆಕ್ಕೆ ಒಮ್ಮೆಗೇ ಮೇಲೇಳುವುದು ನೋಡಲು ಚಂದವೇ. ಬಂದವರೆಲ್ಲ ಕತ್ತೆತ್ತಿ ಅದನ್ನೇ ನೋಡುತ್ತಾರೆ. ಹಮ್ಮಣ್ಣ ಮಾತ್ರ ಮೇಲೆ ನೋಡುವುದಿಲ್ಲ. ಯಾವುದಾದರೂ ಒಂದು ಹಾರದೆ ಉಳಿದಿದೆಯೇ ಎಂದು ಹೊಳೆಯ ಉದ್ದಕ್ಕೂ ಕಣ್ಣಾಡಿಸಿ, ಇಲ್ಲವೆಂದು ಖಾತ್ರಿಯಾದ ಮೇಲೆಯೇ ನೀರಿಗೆ ಕಾಲಿಡುತ್ತಾನೆ.