ಅಂಜಲ್ ಮೀನಿನ ಗಾಯ

ಅಳಿವೆಯ ದಡದಲ್ಲಿದ್ದ ಹವ್ಯಾಸಿ ಗಾಳಗಾರರ ಕ್ಲಬ್ಬಿನ ಗೋಡೆಯ ಮೇಲೆ, ಹೊಟ್ಟೆಗೆ ಮರದ ಹೊಟ್ಟು ತುಂಬಿಸಿಕೊಂಡ ಅಂಜಲ್ ಮೀನೊಂದು ರಾರಾಜಿಸುತ್ತಿತ್ತು. ಅದರ ಕೆಳಗೇ, ಅದನ್ನು ಹಿಡಿದದ್ದೆಂದು ಹೆಸರಾದ ಮುದಿ ಗಾಳದ ಕೋಲು. ನಿಜಕ್ಕೂ ಮೀನು ಸಿಕ್ಕಿದ್ದು ಯಾರದೋ ಬಲೆಗೆ. ಬರಿಗೈಯಲ್ಲಿ ಮರಳಲು ನಾಚಿದ, ಕೋಲಿನ ಒಡೆಯರಾದ ಕುಂದರ್ ವಕೀಲರು ಅದನ್ನು ಮೀನುಪೇಟೆಯಲ್ಲಿ ಕೊಂಡು ತಂದಿದ್ದರು.

ಸಂಜೆಯಾದರೆ ಕೋಲು ಶುರುಮಾಡುತ್ತಿತ್ತು: "ಅದೊಂದು ಕಾಲ! ನಾನು ಬಾಗಿದರೆ ಸಮುದ್ರವೇ ಬಗ್ಗುತ್ತಿತ್ತು. ಈ ಮಹಾಶಯನೊಡನೆ ಮಧ್ಯಾಹ್ನದವರೆಗೆ ಸೆಣಸಿದೆ." ವರ್ಷ ಕಳೆದಂತೆ ಮಧ್ಯಾಹ್ನ ಸಂಜೆಯಾಯಿತು, ಸಂಜೆ ಮರುದಿನವಾಯಿತು. ಮೀನು ಒಳಗೊಳಗೇ ನಗುತ್ತಿತ್ತು.

ಒಂದು ದಿನ, ಹೊಸದಾಗಿ ಬಂದ ಫೈಬರ್ ಕೋಲು ಕೇಳಿಯೇಬಿಟ್ಟಿತು: "ಅಜ್ಜಾ, ಇವರ ಬಾಯಲ್ಲಿ ಕೊಕ್ಕೆಯ ಗಾಯವೇ ಇಲ್ಲವಲ್ಲ? ಕಿವಿರಿನ ಹಿಂದೆ ಬಲೆ ಬಿಗಿದ ಗೆರೆ ಇದೆ!"

ಮುದಿ ಕೋಲು ತಬ್ಬಿಬ್ಬಾಯಿತು. ಮೀನು ಯೋಚಿಸಿತು. ನಿಜ ಹೇಳಿದರೆ ಮುದುಕ ಒಲೆಗೆ ಹೋಗುತ್ತಾನೆ, ಹೋಗಲಿ. ಆದರೆ ಬಲೆಗೆ ಬಿದ್ದ ಮೀನನ್ನು ಯಾರು ಗೋಡೆಯ ಮೇಲೆ ಇಟ್ಟುಕೊಳ್ಳುತ್ತಾರೆ?

"ತಮ್ಮಾ," ಎಂದಿತು ಗಂಭೀರವಾಗಿ, "ಆ ಗೆರೆ ನಿನ್ನಜ್ಜನ ದಾರ ಸುತ್ತಿಕೊಂಡದ್ದು. ಗಾಯವೂ ಇತ್ತು. ನಾವು ಸೆಣಸಿದ್ದು ಎಷ್ಟು ಹೊತ್ತೆಂದರೆ, ದಡ ಸೇರುವಷ್ಟರಲ್ಲಿ ಅದು ಮಾಯ್ದೇ ಹೋಗಿತ್ತು."

ಹೊಸ ಕೋಲು ಭಕ್ತಿಯಿಂದ ತಲೆಬಾಗಿತು.

ಅಂದಿನಿಂದ ಮಳೆಗಾಲ ಬಂತೆಂದರೆ ಮೀನು ತುಟಿ ನೋವೆಂದು ನರಳುತ್ತದೆ. "ಅವತ್ತು ಸ್ವಲ್ಪ ಜೋರಾಗಿಯೇ ಎಳೆದುಬಿಟ್ಟೆ, ಮಾರಾಯ," ಎಂದು ಮುದಿ ಕೋಲು ಕ್ಷಮೆ ಕೇಳುತ್ತದೆ.