ಮೂರು ಮೊನೆಯ ಎಲೆ

ಮಕ್ಕಳೇ, ಬಿದಿರುಗುಡ್ಡದ ಬುಡದಲ್ಲಿ ಒಂದು ಕೊಳ. ಕೊಳದ ದಂಡೆಯಲ್ಲಿ ಒಬ್ಬಳು ಆಮೆಜ್ಜಿ. ಪ್ರತಿ ಬೇಸಿಗೆಯಲ್ಲೂ ಆ ಕಾಡಿನ ಮರಿಗಳಿಗೆ ಕಣ್ಣುಬೇನೆ ಬರುತ್ತಿತ್ತು. ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡರೆ ಮುಗಿಯಿತು, ಎರಡೇ ದಿನದಲ್ಲಿ ಕಣ್ಣು ಹೋಗುತ್ತಿತ್ತು.

ಗುಡ್ಡದ ಮೇಲೆ ಸಾವಿರಾರು ಬಗೆಯ ಗಿಡಗಳು. ಮದ್ದು ಅಲ್ಲೇ ಎಲ್ಲೋ ಇದೆ ಎಂದು ಅಜ್ಜಿಯ ನಂಬಿಕೆ. ಒಬ್ಬಳೇ ಹುಡುಕಲಾದೀತೇ? ಅದಕ್ಕೇ, ಹೊಟ್ಟೆ ತುಂಬಿ ಸುಮ್ಮನೆ ಕೂತವರನ್ನೆಲ್ಲ ಕರೆದು ಒಂದೊಂದು ಎಲೆ ಕೊಡುತ್ತಿದ್ದಳು. ಅದನ್ನು ಅರೆದು, ಬಸವನಹುಳದ ಚಿಪ್ಪಿನಲ್ಲಿಟ್ಟ ಗೀಜಿನ ಮೇಲೆ ರಸ ಹಿಂಡಿ, ಬಿಸಿಲು ನೆತ್ತಿಗೇರುವವರೆಗೆ ಕಾಯಬೇಕು. ಗೀಜು ಕರಗಿದರೆ ‘ಹೌದು’, ಕರಗದಿದ್ದರೆ ‘ಇಲ್ಲ’. ‘ಇಲ್ಲ’ ಎಂದಾದ ಗಿಡವನ್ನು ಮೊಲಗಳು ಮೇಯಬಹುದು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ.

“ನನ್ನ ಕಾಲಕ್ಕೆ ಮುಗಿಯೋ ಕೆಲಸ ಅಲ್ಲ. ಮುಂದೆ ನಿಮ್ಮ ಮರಿಗಳು ಮಾಡಲಿ” ಎನ್ನುತ್ತಿದ್ದಳು ಅಜ್ಜಿ.

ಅಳಿಲು ಗೀರಮ್ಮನಿಗೆ ಈ ಮಾತೇ ಸರಿಬರಲಿಲ್ಲ. ಬಿದ್ದ ಹಣ್ಣು ಸಿಕ್ಕರೂ “ಯಾರು ಬೀಳಿಸಿದರು, ಯಾಕೆ ಬೀಳಿಸಿದರು?” ಎಂದು ಮೇಲೆ ನೋಡುವವಳು ಅವಳು. ಹಣ್ಣು ಅಷ್ಟರಲ್ಲಿ ಇರುವೆಗಳ ಪಾಲು!

ಒಂದು ದಿನ ಗೀರಮ್ಮ ಮೂರು ಮೊನೆಯ ಎಲೆಯೊಂದನ್ನು ಹಿಡಿದು ಹೊರಟಿದ್ದಳು. ದಾರಿಯಲ್ಲಿ ಮುಂಗುಸಿ ಕೆಂಚಣ್ಣ ಸಿಕ್ಕಿದ. ಅವನ ಕೈಯಲ್ಲೂ ಅದೇ ಎಲೆ!

“ನಿನಗೂ ಇದನ್ನೇ ಕೊಟ್ಟಳಾ ಕೆಂಚಣ್ಣ?”

“ಹೌದು ಗೀರಮ್ಮ. ಅದಕ್ಕೇನೀಗ?”

“ಅದಕ್ಕೇನಾ? ಒಂದೇ ಕೆಲಸ ಇಬ್ಬರಿಗೆ ಯಾಕೆ? ನಮ್ಮನ್ನ ನಂಬಲ್ಲ ಅವಳು! ಇಲ್ಲಾ, ಮದ್ದು ಯಾವುದು ಅಂತ ಮೊದಲೇ ಗೊತ್ತು, ನಮ್ಮನ್ನ ಕುಣಿಸ್ತಿದಾಳೆ.”

ಕೆಂಚಣ್ಣ ತಲೆ ಕೆರೆದುಕೊಂಡ. “ಹೋಗಿ ಕೇಳೋಣ್ವಾ?”

“ಕೇಳಿದರೆ ಹೇಳ್ತಾಳಾ? ಅರೆಯೋದೂ ಬೇಡ, ಕಾಯೋದೂ ಬೇಡ. ಇಬ್ಬರೂ ‘ಇಲ್ಲ’ ಅಂದುಬಿಡೋಣ. ಕಳ್ಳಾಟ ಇದ್ದರೆ ಅವಳ ಮುಖದಲ್ಲೇ ಗೊತ್ತಾಗುತ್ತೆ.”

ಹಾಗೇ ಮಾಡಿದರು. ಅಜ್ಜಿ ಇಬ್ಬರ ಮಾತನ್ನೂ ಕೇಳಿ ತಲೆಯಾಡಿಸಿದಳು. “ಒಬ್ಬರ ಕಣ್ಣು ತಪ್ಪಿದರೂ ಇಬ್ಬರದು ತಪ್ಪೋದಿಲ್ಲ. ಇದೂ ಅಲ್ಲ ಅಂತಾಯ್ತು. ಸುಸ್ತಾಗಿರುತ್ತೆ, ನೀರು ಕುಡಿದು ಹೋಗಿ.”

ಎಲೆಯನ್ನು ಇಬ್ಬರಿಗೆ ಕೊಡುವುದು ಯಾಕೆಂದು ಅಜ್ಜಿ ತಾನಾಗಿಯೇ ಹೇಳಿದ್ದಳು. ಆದರೆ ಗೀರಮ್ಮನ ಕಿವಿ ಅಲ್ಲಿರಲಿಲ್ಲ. “ಇಷ್ಟು ಸಲೀಸಾಗಿ ಒಪ್ಪಿದಳಲ್ಲ, ಇದರಲ್ಲೇ ಏನೋ ಇದೆ!” ಎಂದು ಗೊಣಗುತ್ತಾ ಮನೆಗೆ ನಡೆದಳು.

ಬೇಸಿಗೆ ಬಂತು. ಗೀರಮ್ಮನ ಇಬ್ಬರು ಹೆಣ್ಣುಮರಿಗಳಿಗೂ ಒಂದೇ ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿತು. ಎದ್ದೆನೋ ಬಿದ್ದೆನೋ ಎಂದು ಅವಳು ಕೊಳಕ್ಕೆ ಓಡಿದಳು.

“ಅಜ್ಜೀ, ಯಾವುದಾದರೂ ಎಲೆ ‘ಹೌದು’ ಅಂದಿದೆಯಾ?”

“ಇನ್ನೂ ಇಲ್ಲ ಮಗಳೇ. ನೋಡಿದ್ದೆಲ್ಲ ‘ಇಲ್ಲ’ವೇ.”

“ನೋಡದೇ ‘ಇಲ್ಲ’ ಅಂದದ್ದು ಒಂದಿದೆ ಅಜ್ಜೀ, ಆ ಮೂರು ಮೊನೆಯ ಎಲೆ” ಎಂದು ಗೀರಮ್ಮ ಅತ್ತುಬಿಟ್ಟಳು.

ಅಜ್ಜಿ ಬೈಯಲಿಲ್ಲ. “ಅದಿರೋದು ಗುಡ್ಡದ ಮೂಡಣ ಇಳಿಜಾರಿನಲ್ಲಿ. ಓಡು” ಎಂದಳು, ಅಷ್ಟೇ.

ಅಲ್ಲಿದ್ದ ಆ ಗಿಡಗಳನ್ನೆಲ್ಲ ಮೊಲಗಳು ಬೋಳಾಗಿ ಮೇದಿದ್ದವು. ಅವುಗಳ ತಪ್ಪೇನು? ‘ಇಲ್ಲ’ ಎಂದ ಗಿಡವಲ್ಲವೇ! ಬಂಡೆಯ ಸಂದಿನಲ್ಲಿ ಒಂದೇ ಒಂದು ಚಿಗುರು ಉಳಿದಿತ್ತು. ಅದಕ್ಕೆ ಎರಡೇ ಎಲೆ. ಗೀರಮ್ಮ ಎರಡಕ್ಕೂ ಕೈ ಹಾಕಿದಳು. ಅಷ್ಟರಲ್ಲಿ ಹಿಂದೆಯೇ ಓಡಿ ಬಂದ ಕೆಂಚಣ್ಣ ಕೂಗಿದ:

“ಅಜ್ಜಿ ಹೇಳಿ ಕಳಿಸಿದಾಳೆ ಗೀರಮ್ಮ, ಎಷ್ಟೇ ಉಳಿದಿದ್ದರೂ ಒಂದೆಲೆ ಬಿಡಬೇಕಂತೆ. ಎಲ್ಲಾ ಕಿತ್ತರೆ ಗಿಡ ಸಾಯುತ್ತೆ. ಆಮೇಲೆ ಯಾರ ಮರಿಗೂ ಮದ್ದಿಲ್ಲ!”

ಗೀರಮ್ಮ ಎರಡೂ ಎಲೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಕೊನೆಗೆ ಒಂದೇ ಎಲೆ ಕಿತ್ತುಕೊಂಡು ಮನೆಗೆ ಹೋದಳು.

ಅರೆದರೆ ಒಂದು ಮರಿಗೆ ಸಾಲುವಷ್ಟೇ ರಸ. ಕಿರಿಯವಳ ಕಣ್ಣಿಗೆ ಹಿಂಡಿದಳು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಗೀಜು ಕರಗಿ ಮರಿ ಪಿಳಿಪಿಳಿ ಕಣ್ಣು ಬಿಟ್ಟಿತು. ಗೂಡನ್ನೆಲ್ಲ ನೋಡಿತು, ಅಮ್ಮನನ್ನು ನೋಡಿತು. ಆಮೇಲೆ ಪಕ್ಕಕ್ಕೆ ತಿರುಗಿತು.

“ಅಮ್ಮಾ, ಅಕ್ಕನ ಕಣ್ಣಿಗೆ ಯಾವಾಗ ಹಾಕ್ತೀಯಾ?”

ನೀತಿ: ಅನುಮಾನ ಬಂದರೆ ಬಾಯಿಬಿಟ್ಟು ಕೇಳಬೇಕು. ಕೇಳದೆ, ಹತ್ತು ಜನ ಕೂಡಿ ಮಾಡುವ ಕೆಲಸಕ್ಕೆ ಸುಳ್ಳು ಬೆರೆಸಿದರೆ ಅದರ ಪೆಟ್ಟು ನಮ್ಮ ಮಕ್ಕಳಿಗೇ ಬೀಳುತ್ತದೆ.